ಹೃದಯದ ಮುನ್ಸೂಚನೆಗಳು: ಎದೆಯ ಹಿಡಿತವೆಲ್ಲ ಗ್ಯಾಸ್ ಅಲ್ಲ

ಎದೆಯ ನಡುವೆ ಏನೋ ಹಿಡಿದಂತಾದಾಗ ನಮ್ಮ ಮನೆಗಳಲ್ಲಿ ಮೊದಲು ಬಾಯಿಗೆ ಬರುವ ಪದ ‘ಗ್ಯಾಸ್’. ಸೋಡಾ ತರಿಸಿ ಕುಡಿಯುವುದು, ಜೀರಿಗೆ ಕಷಾಯ ಕಾಯಿಸುವುದು, ಶುಂಠಿ ರಸಕ್ಕೆ ನಿಂಬೆ ಹಿಂಡುವುದು, ಅಂಗಡಿಯಿಂದ ಜೆಲುಸಿಲ್ ಅಥವಾ ಈನೋ ತರಿಸುವುದು, ಬೆನ್ನು ನೀವಿಸಿಕೊಂಡು ಒಂದೆರಡು ತೇಗು ಬಂದ ಮೇಲೆ ‘ಈಗ ಹಗುರಾಯಿತು’ ಎಂದು ಮಗ್ಗುಲು ಬದಲಿಸಿ ಮಲಗುವುದು, ಇಷ್ಟೆಲ್ಲ ನಡೆಯುವಷ್ಟರಲ್ಲಿ ಎರಡು ಮೂರು ಗಂಟೆಗಳು ಕಳೆದಿರುತ್ತವೆ. ಆದದ್ದು ಹೃದಯಾಘಾತವೇ ಆಗಿದ್ದರೆ ಚಿಕಿತ್ಸೆಗೆ ಅತ್ಯಂತ ಬೆಲೆಯುಳ್ಳ ಅವಧಿ ಅದೇ ಆಗಿತ್ತು. ಹೃದಯದ ಧಮನಿಯೊಂದು ಪೂರ್ಣವಾಗಿ ಮುಚ್ಚಿಕೊಂಡ 20ರಿಂದ 30 ನಿಮಿಷಗಳಲ್ಲಿ ಅದನ್ನು ನೆಚ್ಚಿಕೊಂಡ ಸ್ನಾಯು ಸಾಯಲಾರಂಭಿಸುತ್ತದೆ. ಆರು ಗಂಟೆಗಳು ಕಳೆಯುವ ಹೊತ್ತಿಗೆ ಉಳಿಸಿಕೊಳ್ಳಬಹುದಾಗಿದ್ದ ಭಾಗದಲ್ಲಿ ಹೆಚ್ಚಿನದು ಕೈತಪ್ಪಿಹೋಗಿರುತ್ತದೆ.

ಇದಕ್ಕೆ ರೋಗಿಯ ಅಜ್ಞಾನವೇ ಕಾರಣವೆಂದು ಹೇಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಹೃದಯವೂ ಅನ್ನನಾಳವೂ ಎದೆಗೂಡಿನೊಳಗೆ ಒಂದಕ್ಕೊಂದು ಒರಗಿಕೊಂಡಿರುವ ನೆರೆಹೊರೆಯವು. ಎರಡರಿಂದಲೂ ನೋವಿನ ಸುದ್ದಿಯನ್ನು ಒಯ್ಯುವ ನರಗಳು ಬೆನ್ನುಹುರಿಯ ಹೆಚ್ಚು ಕಡಿಮೆ ಅದೇ ಭಾಗವನ್ನು ಸೇರುತ್ತವೆ. ಆದ್ದರಿಂದ ಸುದ್ದಿ ಯಾವ ಮನೆಯಿಂದ ಬಂದಿತೆಂಬುದನ್ನು ಮಿದುಳು ನಿಖರವಾಗಿ ಗುರುತಿಸಲಾರದು. ಇದರ ಜೊತೆಗೆ ಹೃದಯದ ಕೆಳಗೋಡೆಯು ಹೊಟ್ಟೆಯನ್ನೂ ಎದೆಯನ್ನೂ ಬೇರ್ಪಡಿಸುವ ವಪೆಯ ಮೇಲೆಯೇ ಕುಳಿತಿದೆ. ಆ ಭಾಗಕ್ಕೆ ರಕ್ತ ಒದಗಿಸುವ ಧಮನಿ ಕಟ್ಟಿಕೊಂಡಾಗ ಎದೆಯಲ್ಲಿ ನೋವೇ ಇಲ್ಲದೆ, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ, ಓಕರಿಕೆ, ವಾಂತಿ, ಕೆಲವೊಮ್ಮೆ ಬಿಕ್ಕಳಿಕೆ ಮಾತ್ರ ಕಾಣಿಸಿಕೊಳ್ಳಬಹುದು. ತೇಗು ಬಂದಿತೆಂಬುದಾಗಲೀ, ಆಮ್ಲ ತಗ್ಗಿಸುವ ಔಷಧಿಯಿಂದ ಉರಿ ಇಳಿಯಿತೆಂಬುದಾಗಲೀ ಹೃದಯ ಸುಸ್ಥಿತಿಯಲ್ಲಿದೆ ಎಂಬುದಕ್ಕೆ ಸಾಕ್ಷ್ಯವಲ್ಲ. ತುರ್ತು ಚಿಕಿತ್ಸಾ ಘಟಕದ ವೈದ್ಯರು ಕೂಡ ಇದನ್ನು ಆಧರಿಸಿ ರೋಗಿಯನ್ನು ಮನೆಗೆ ಕಳುಹಿಸಬಾರದೆಂಬುದು ವೈದ್ಯಕೀಯದಲ್ಲಿ ಒಪ್ಪಿತವಾದ ಮಾತು. ಹಾಗಿರುವಾಗ ಮನೆಯಲ್ಲಿ ಕುಳಿತು ನಾವು ತೀರ್ಮಾನಿಸಲು ಹೊರಡುವುದು ಎಷ್ಟು ಸರಿ?

ಹತ್ತುವಾಗ ಬಂದು ನಿಂತಾಗ ಹೋಗುವ ನೋವು

ಹೃದಯದ ನೋವಿನ ಸ್ವರೂಪವನ್ನು ಸ್ಪಷ್ಟವಾಗಿ ವಿವರಿಸಿದ ಕೀರ್ತಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ ಅವರಿಗೆ ಸಲ್ಲುತ್ತದೆ. 1768ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಅವರು ಮಂಡಿಸಿದ ಪ್ರಬಂಧ 1772ರಲ್ಲಿ ಅಚ್ಚಾಯಿತು. ಇಸಿಜಿ ಯಂತ್ರವಾಗಲೀ, ಎಕ್ಸ್-ರೇ ಆಗಲೀ ಇಲ್ಲದ ಆ ಕಾಲದಲ್ಲಿ, ರೋಗಿಗಳ ಮಾತನ್ನು ತಾಳ್ಮೆಯಿಂದ ಕೇಳಿಯೇ ಅವರು ಕಂಡುಕೊಂಡ ಸಂಗತಿ ಇಂದಿಗೂ ಅತ್ಯಂತ ಉಪಯುಕ್ತವಾದುದು. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಊಟವಾದ ಕೂಡಲೇ ನಡೆದಾಗ ಎದೆಯಲ್ಲಿ ಬಿಗಿತ ಕಾಣಿಸಿಕೊಳ್ಳುತ್ತದೆ. ನಿಂತ ಕೂಡಲೇ ಅದು ಮಾಯವಾಗುತ್ತದೆ. ಈ ಲಕ್ಷಣಕ್ಕೆ ಅವರು ಕೊಟ್ಟ ‘ಆಂಜೈನಾ’ ಎಂಬ ಹೆಸರನ್ನೇ ಇಂದಿಗೂ ಬಳಸುತ್ತಿದ್ದೇವೆ.

ಇದರ ಹಿಂದಿನ ಕಾರಣ ಸರಳ. ಧಮನಿಯ ಒಳಗೋಡೆಯಲ್ಲಿ ಕೊಬ್ಬಿನ ಪದರ ಬೆಳೆದು ದಾರಿ ಕಿರಿದಾದರೂ ಸುಮ್ಮನೆ ಕುಳಿತಿರುವಾಗ ಹೃದಯಕ್ಕೆ ಬೇಕಾಗುವಷ್ಟು ರಕ್ತ ಹರಿದೇ ಹರಿಯುತ್ತದೆ. ದಾರಿಯ ಸುಮಾರು ಶೇ. 70ರಷ್ಟು ಮುಚ್ಚಿದ ಮೇಲೆ, ಶ್ರಮದ ವೇಳೆಯಲ್ಲಿ ಹೆಚ್ಚುವ ಬೇಡಿಕೆಯನ್ನು ಪೂರೈಸಲಾಗುವುದಿಲ್ಲ. ಆಗ ಸ್ನಾಯು ದೂರುತ್ತದೆ; ವಿಶ್ರಾಂತಿ ದೊರೆತರೆ ಸುಮ್ಮನಾಗುತ್ತದೆ. ಮಲೆನಾಡಿನಲ್ಲಿ ತೋಟದಿಂದ ಮನೆಯ ಕಡೆಗೆ ಅಡಿಕೆ ಹೊರೆ ಹೊತ್ತು ದರೆ ಹತ್ತುವವರಿಗೆ, ಬಯಲುಸೀಮೆಯಲ್ಲಿ ತಲೆಯ ಮೇಲೆ ಮೇವಿನ ಹೊರೆ ಇಟ್ಟು ನಡೆಯುವವರಿಗೆ, ಬೆಂಗಳೂರಿನಲ್ಲಿ ಮೆಟ್ರೊ ನಿಲ್ದಾಣದ ಮೆಟ್ಟಿಲೇರುವವರಿಗೆ ಇದು ತಿಳಿಯುವ ಬಗೆ ಒಂದೇ. ಮುಂಜಾನೆಯ ಚಳಿಗಾಳಿಯಲ್ಲಿ, ಹೊಟ್ಟೆ ತುಂಬ ಉಂಡ ಮೇಲೆ, ಕೋಪ ಅಥವಾ ಉದ್ವೇಗದಲ್ಲಿ ಇದು ಬೇಗ ತಲೆದೋರುತ್ತದೆ. ಊಟದ ನಂತರ ಬರುತ್ತದೆ ಎಂಬ ಕಾರಣಕ್ಕೇ ಇದನ್ನು ಅಜೀರ್ಣವೆಂದು ತಿಳಿಯುವವರು ಬಹಳ. ಅಂಥವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಉಂಡು ಕುಳಿತಾಗ ಬರುತ್ತದೆಯೇ, ಉಂಡು ನಡೆದಾಗ ಬರುತ್ತದೆಯೇ? ನಡೆದಾಗ ಬಂದು ನಿಂತಾಗ ಹೋಗುವುದಾದರೆ ಅದನ್ನು ಬೇರೆ ಕಾರಣ ಸಿದ್ಧವಾಗುವ ತನಕ ಹೃದಯದ್ದೆಂದೇ ತಿಳಿಯುವುದು ಕ್ಷೇಮ.

ಇಲ್ಲಿ ಭಾಷೆಯ ತೊಡಕೂ ಒಂದಿದೆ. ‘ಎದೆ ನೋವು ಇದೆಯೇ?’ ಎಂದು ವೈದ್ಯರು ಕೇಳಿದರೆ ಅನೇಕ ರೋಗಿಗಳು ‘ಇಲ್ಲ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಆಗುತ್ತಿರುವುದು ಚುಚ್ಚುವ ನೋವಲ್ಲ. ಹಿಂಡಿದಂತೆ, ಕಲ್ಲು ಹೇರಿದಂತೆ, ಹಗ್ಗ ಬಿಗಿದಂತೆ, ಒಳಗೆ ಉರಿದಂತೆ ಆಗುವ ಒಂದು ಅಸ್ವಸ್ಥತೆ. ಎಡಗಡೆಯೇ ಆಗಬೇಕೆಂಬ ನಿಯಮವೂ ಇಲ್ಲ, ಸಾಮಾನ್ಯವಾಗಿ ಅದು ಎದೆಯ ನಟ್ಟನಡುವೆ ಇರುತ್ತದೆ. ತೋರಿಸುವ ರೀತಿಯಲ್ಲಿಯೂ ಅರ್ಥವಿದೆ. ಒಂದು ಬೆರಳಿನಿಂದ ‘ಇಲ್ಲಿ’ ಎಂದು ಚುಕ್ಕೆ ಗುರುತಿಸಿದಂತೆ ತೋರಿಸುವ ನೋವು ಹೆಚ್ಚಾಗಿ ಸ್ನಾಯು ಅಥವಾ ಪಕ್ಕೆಲುಬಿನದು. ಮುಷ್ಟಿ ಬಿಗಿದು ಎದೆಯ ಮಧ್ಯಕ್ಕೆ ಒತ್ತಿ ತೋರಿಸಿದರೆ ವೈದ್ಯರ ಕಿವಿ ನಿಮಿರುತ್ತದೆ. ಈ ಮುಷ್ಟಿಯ ಸನ್ನೆಗೆ ಅಮೆರಿಕದ ಹೃದ್ರೋಗ ತಜ್ಞ ಸ್ಯಾಮ್ಯುಯೆಲ್ ಲಿವೈನ್ ಅವರ ಹೆಸರೇ ಇದೆ. ಆದರೂ ಮುಷ್ಟಿ ಬಿಗಿಯದವರಿಗೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ.

ಈ ಬಿಗಿತ ಎದೆಯಲ್ಲೇ ನಿಲ್ಲದೆ ಕುತ್ತಿಗೆ, ಕೆಳದವಡೆ, ಭುಜ, ತೋಳಿನ ಒಳಬದಿ, ಬೆನ್ನಿನ ನಡುಭಾಗಗಳಿಗೆ ಹರಿಯಬಹುದು. ಎಡತೋಳು ಎಲ್ಲರಿಗೂ ಗೊತ್ತು. ಬಲತೋಳಿಗೆ ಅಥವಾ ಎರಡೂ ತೋಳುಗಳಿಗೆ ಹರಿದರೂ ಅನುಮಾನ ತಗ್ಗುವುದಿಲ್ಲ, ಹೆಚ್ಚುತ್ತದೆ. ನಡೆದಾಗ ಮಾತ್ರ ದವಡೆ ನೋಯುವವರು ಹಲ್ಲಿನ ವೈದ್ಯರ ಬಳಿ ಹೋಗುವುದುಂಟು. ಹಲ್ಲುನೋವಿಗೆ ನಡಿಗೆಯ ಹಂಗಿಲ್ಲ ಎಂಬುದನ್ನು ನೆನಪಿಟ್ಟರೆ ಸಾಕು.

ಆಂಜೈನಾ ಇದೆಯೆಂದು ಗೊತ್ತಿದ್ದವರು ಗಮನಿಸಬೇಕಾದದ್ದು ಅದರ ಲಯದಲ್ಲಿ ಆಗುವ ಬದಲಾವಣೆಯನ್ನು. ಎರಡು ಕಿಲೋಮೀಟರ್ ನಡೆದ ಮೇಲೆ ಬರುತ್ತಿದ್ದುದು ಇನ್ನೂರು ಹೆಜ್ಜೆಗೇ ಬಂದರೆ, ಐದು ನಿಮಿಷದಲ್ಲಿ ಹೋಗುತ್ತಿದ್ದುದು ಹದಿನೈದು ನಿಮಿಷ ಉಳಿದರೆ, ಸುಮ್ಮನೆ ಕುಳಿತಿದ್ದಾಗ ಅಥವಾ ನಿದ್ದೆಯಿಂದ ಎಬ್ಬಿಸುವಂತೆ ಬಂದರೆ, ಆ ದಿನವೇ ಆಸ್ಪತ್ರೆ ಸೇರಬೇಕು. ಮುಂದಿನ ವಾರದ ತಪಾಸಣೆಗೆ ಕಾಯುವ ವಿಷಯ ಇದಲ್ಲ. ಮೊದಲ ಬಾರಿಗೆ ಕಾಣಿಸಿಕೊಂಡ ಬಿಗಿತವನ್ನೂ ಇದೇ ಗುಂಪಿಗೆ ಸೇರಿಸಬೇಕು.

ನೋವಿಲ್ಲದ ಹೃದಯಾಘಾತ

ಮಧುಮೇಹ ಹಲವು ವರ್ಷ ಹಳೆಯದಾದಾಗ ಪಾದದ ನರಗಳು ಮಂಕಾಗುವಂತೆಯೇ ಹೃದಯದ ನೋವನ್ನು ಒಯ್ಯುವ ನರಗಳೂ ಮಂಕಾಗುತ್ತವೆ. ಅಂಥವರಲ್ಲಿ ಹೃದಯಾಘಾತವು ಕೇವಲ ಉಬ್ಬಸ, ತಣ್ಣನೆಯ ಬೆವರು, ಕಾರಣವಿಲ್ಲದ ಸುಸ್ತು, ವಾಂತಿಯ ರೂಪದಲ್ಲಿ ಬರಬಹುದು. ಸಕ್ಕರೆ ಇಳಿದಿದೆಯೆಂದು ತಿಳಿದು ಬೆಲ್ಲ ತಿನ್ನಿಸಿ ಮಲಗಿಸುವವರಿದ್ದಾರೆ. ಗ್ಲುಕೋಮೀಟರ್ ಇದ್ದರೆ ಸಕ್ಕರೆ ನೋಡಲಿ. ಅದು ಸರಿಯಿದ್ದೂ ಬೆವರು ನಿಲ್ಲದಿದ್ದರೆ ಇಸಿಜಿ ಆಗಲೇಬೇಕು. ಎಪ್ಪತ್ತು ದಾಟಿದವರಲ್ಲಿ ಇದ್ದಕ್ಕಿದ್ದಂತೆ ಮಾತು ತೊದಲುಬದಲಾಗುವುದು, ತಲೆ ಸುತ್ತಿ ಬೀಳುವುದು ಮಾತ್ರ ಲಕ್ಷಣವಾಗಿರಬಹುದು.

ಸ್ತ್ರೀಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಅವರಲ್ಲಿಯೂ ಎದೆಯ ಬಿಗಿತವೇ ಮುಖ್ಯ ಲಕ್ಷಣ. ಆದರೆ ಅದರ ಜೊತೆಗೆ ಬೆನ್ನು ಮತ್ತು ದವಡೆಯ ನೋವು, ಓಕರಿಕೆ, ಉಸಿರು ಸಾಲದಿರುವುದು, ಅಸಾಧಾರಣ ಆಯಾಸ ಪುರುಷರಿಗಿಂತ ಹೆಚ್ಚಾಗಿ ಕಾಣಿಸುತ್ತವೆ. ನಿನ್ನೆಯವರೆಗೆ ಸರಾಗವಾಗಿ ಮಾಡುತ್ತಿದ್ದ ಕೆಲಸಕ್ಕೆ, ಬಾವಿಯಿಂದ ನಾಲ್ಕು ಕೊಡ ನೀರು ತರುವುದಕ್ಕೆ ಅಥವಾ ಬಟ್ಟೆ ಒಗೆಯುವುದಕ್ಕೆ, ಇಂದು ಕೈ ಏಳುತ್ತಿಲ್ಲವೆಂದರೆ ಅದು ಕೇವಲ ವಯಸ್ಸಿನ ಪ್ರಭಾವ ಎನ್ನುವಂತಿಲ್ಲ. ಮುಟ್ಟು ನಿಂತ ಮೇಲೆ ಸ್ತ್ರೀಯರಲ್ಲಿ ಹೃದ್ರೋಗದ ಅಪಾಯ ಏರುತ್ತಾ ಹೋಗುತ್ತದೆ. ಮನೆಯವರಿಗೆಲ್ಲ ಬಡಿಸಿ, ಪಾತ್ರೆ ತೊಳೆದು, ನಂತರ ‘ಸ್ವಲ್ಪ ಎದೆ ಹಿಡಿದಂತಿದೆ’ ಎನ್ನುವ ತಾಯಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಅವರ ‘ಸ್ವಲ್ಪ’ ಎಂಬ ಮಾತನ್ನು ಮನೆಯವರು ಅಕ್ಷರಶಃ ತೆಗೆದುಕೊಳ್ಳಬಾರದು.

ಪುರುಷರಲ್ಲಿ ಹೇಳಿಕೊಳ್ಳಲು ಸಂಕೋಚಪಡುವ ಸೂಚನೆಯೊಂದಿದೆ. ನಿಮಿರು ದೌರ್ಬಲ್ಯವು ಅನೇಕರಲ್ಲಿ ರಕ್ತನಾಳಗಳ ಕಾಯಿಲೆಯ ಮೊದಲ ಕುರುಹು. ಅಲ್ಲಿನ ಧಮನಿಗಳು ಹೃದಯದ ಧಮನಿಗಳಿಗಿಂತ ಸಪೂರವಾದ್ದರಿಂದ ಅವು ಮೊದಲು ಕಿರಿದಾಗುತ್ತವೆ. ಎದೆಯ ಲಕ್ಷಣಗಳಿಗಿಂತ ಎರಡು ಮೂರು ವರ್ಷ ಮುಂಚೆಯೇ ಇದು ತಲೆದೋರುವುದುಂಟು. ಬಸ್ ನಿಲ್ದಾಣದ ಗೋಡೆಯ ಜಾಹೀರಾತು ನೋಡಿ ಗುಟ್ಟಾಗಿ ಮಾತ್ರೆ ನುಂಗುವ ಬದಲು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ಉಸಿರು, ಊತ, ಬಡಿತ

ಹೃದಯದ ತೊಂದರೆ ಎಂದರೆ ಹೃದಯಾಘಾತ ಮಾತ್ರವಲ್ಲ. ಪಂಪ್ ಮಾಡುವ ಶಕ್ತಿ ಕುಂದಿದಾಗ ರಕ್ತ ಹಿಂದಕ್ಕೆ ಒತ್ತರಿಸಿ ಶ್ವಾಸಕೋಶಗಳಲ್ಲೂ ಕಾಲುಗಳಲ್ಲೂ ನೀರು ಸೇರುತ್ತದೆ. ಮೊದಲು ಒಂದು ದಿಂಬು ಸಾಕಾಗುತ್ತಿದ್ದವರಿಗೆ ಎರಡು, ಮೂರು ಬೇಕಾಗುತ್ತವೆ. ಮಲಗಿದ ಒಂದೆರಡು ಗಂಟೆಯ ನಂತರ ಉಸಿರುಗಟ್ಟಿ ಎದ್ದು ಕಿಟಕಿಯ ಬಳಿ ನಿಲ್ಲುವಂತಾಗುತ್ತದೆ. ಸಂಜೆಯ ವೇಳೆಗೆ ಪಾದ ಊದಿ, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಮೂರು ದಿನಗಳಲ್ಲಿ ಎರಡು ಕಿಲೋಗಿಂತ ಹೆಚ್ಚು ತೂಕ ಏರಿದರೆ ಅದು ಕೊಬ್ಬಲ್ಲ, ನೀರು. ಇಂಥವರಿಗೆ ಅಸ್ತಮಾ ಎಂದು ತಿಂಗಳುಗಟ್ಟಲೆ ಪಂಪ್ ಕೊಡುತ್ತಾ ಬಂದ ಉದಾಹರಣೆಗಳುಂಟು.

ಎಳೆಯ ವಯಸ್ಸಿನವರಲ್ಲಿ ಮರೆಯಬಾರದ ಇನ್ನೊಂದು ಕಾಯಿಲೆ ಸಂಧಿವಾತ ಜ್ವರದಿಂದ ಹುಟ್ಟುವ ಕವಾಟದ ತೊಂದರೆ. ಬಾಲ್ಯದಲ್ಲಿ ಗಂಟಲುನೋವು ಬಂದು, ಕೆಲವು ವಾರಗಳ ನಂತರ ಜ್ವರದೊಂದಿಗೆ ಕೀಲುಗಳು ಒಂದಾದ ಮೇಲೊಂದರಂತೆ ಊದಿಕೊಂಡು ತಾನಾಗಿಯೇ ವಾಸಿಯಾದದ್ದು ಎಲ್ಲರಿಗೂ ಮರೆತೇಹೋಗಿರುತ್ತದೆ. ಕವಾಟ ಮಾತ್ರ ಮರೆತಿರುವುದಿಲ್ಲ. ಅದು ವರ್ಷಗಳ ಕಾಲ ನಿಧಾನವಾಗಿ ದಪ್ಪಗಾಗಿ ಕಿರಿದಾಗುತ್ತದೆ. ಎಷ್ಟೋ ಹೆಣ್ಣುಮಕ್ಕಳಲ್ಲಿ ಅದು ಬಯಲಾಗುವುದು ಚೊಚ್ಚಲ ಬಸಿರಿನಲ್ಲಿ, ರಕ್ತದ ಪ್ರಮಾಣ ಹೆಚ್ಚಿ ಹೃದಯದ ಮೇಲೆ ಹೊರೆ ಬಿದ್ದಾಗ. ಬಸುರಿಗೆ ಏದುಸಿರು ಸಹಜವೆಂಬ ಮಾತು ಒಂದು ಮಿತಿಯವರೆಗೆ ಮಾತ್ರ ಸರಿ. ಮಲಗಲಾಗದಷ್ಟು ಉಸಿರಾಟದ ಕಷ್ಟ, ಕಫದಲ್ಲಿ ರಕ್ತ ಕಂಡರೆ ಎಕೋ ಪರೀಕ್ಷೆ ಅಗತ್ಯ. ಹಾಲು ಕುಡಿಯುವಾಗ ನಡುನಡುವೆ ದಣಿದು ಬಿಡುವ, ಹಣೆ ಬೆವರುವ, ತೂಕ ಏರದ, ಅಳುವಾಗ ತುಟಿ ನೀಲಿಯಾಗುವ ಹಸುಗೂಸನ್ನೂ ಹೃದಯದ ತಪಾಸಣೆಗೆ ಒಯ್ಯಬೇಕು.

ಎದೆಬಡಿತ ಒಮ್ಮೊಮ್ಮೆ ತಪ್ಪಿದಂತಾಗುವುದು ಬಹುತೇಕ ನಿರಪಾಯಕರ. ಆದರೆ ಆಟವಾಡುತ್ತಿರುವಾಗ ಅಥವಾ ಓಡುತ್ತಿರುವಾಗ ಪ್ರಜ್ಞೆ ತಪ್ಪಿ ಬಿದ್ದ ಹುಡುಗನಿಗೆ ನೀರು ಚಿಮುಕಿಸಿ ಎಬ್ಬಿಸಿದರೆ ಮುಗಿಯಿತೆಂದು ತಿಳಿಯಬಾರದು, ವಿಶೇಷವಾಗಿ ಆ ವಂಶದಲ್ಲಿ ಯಾರಾದರೂ ಚಿಕ್ಕ ಪ್ರಾಯದಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ.

ಯುವಕರು, ಹಾಸನ ಮತ್ತು ಆತಂಕ

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಇಪ್ಪತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಹಲವರು ಯುವಕರು, ಮೃತಪಟ್ಟರೆಂಬ ವರದಿಗಳು ನಾಡಿನೆಲ್ಲೆಡೆ ಕಳವಳ ಮೂಡಿಸಿದ್ದವು. ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಮುಂಜಾನೆಯಿಂದಲೇ ಸಾಲುಗಳು ಕಂಡವು. ರಾಜ್ಯ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ವರದಿಯಾದ ಸಾವುಗಳೆಲ್ಲವೂ ಹೃದಯಾಘಾತದಿಂದ ಆದವಲ್ಲವೆಂದೂ, ಕೋವಿಡ್ ಲಸಿಕೆಗೂ ಇವಕ್ಕೂ ಸಂಬಂಧ ಕಂಡುಬಂದಿಲ್ಲವೆಂದೂ, ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಪಾನದಂತಹ ಹಳೆಯ ಕಾರಣಗಳೇ ಹಲವರಲ್ಲಿದ್ದವೆಂದೂ ಸಮಿತಿ ತಿಳಿಸಿತು.

ಹಳೆಯ ಕಾರಣಗಳು ಎಂಬ ಮಾತು ಅನೇಕರಿಗೆ ರುಚಿಸಲಿಲ್ಲ. ಆದರೆ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವೂ ಹೇಳಿದ್ದು ಅದನ್ನೇ: ಜಗತ್ತಿನ ಹೃದಯಾಘಾತಗಳಲ್ಲಿ ಶೇ. 90ರಷ್ಟನ್ನು ಗೊತ್ತಿರುವ ಒಂಬತ್ತು ಕಾರಣಗಳಿಂದಲೇ ವಿವರಿಸಬಹುದು. ಅದೇ ಅಧ್ಯಯನದ ಮಾಹಿತಿಯಂತೆ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು 53. ಉಳಿದ ದೇಶಗಳವರಿಗೆ ಸುಮಾರು 59. ಆರು ವರ್ಷಗಳ ಈ ಅಂತರವನ್ನು ನೋಡಿದರೆ ನಲವತ್ತರ ಆಸುಪಾಸಿನ ಕನ್ನಡಿಗನ ಎದೆಯ ಬಿಗಿತವನ್ನು ‘ಈ ವಯಸ್ಸಿಗೆ ಎಲ್ಲಿಯ ಹಾರ್ಟ್ ಅಟ್ಯಾಕ್’ ಎಂದು ತಳ್ಳಿಹಾಕುವಂತಿಲ್ಲ. ತಂದೆ ಅಥವಾ ಸೋದರನಿಗೆ 55ಕ್ಕೆ ಮುಂಚೆ, ತಾಯಿ ಅಥವಾ ಸೋದರಿಗೆ 65ಕ್ಕೆ ಮುಂಚೆ ಹೃದಯಾಘಾತವಾಗಿದ್ದರೆ ಎಚ್ಚರ ಇಮ್ಮಡಿಯಾಗಿರಬೇಕು.

ಲಕ್ಷಣವಿಲ್ಲದವರು ಗಾಬರಿಯಿಂದ ಸಾಲು ನಿಲ್ಲುವುದರಿಂದ ಆಗುವ ಪ್ರಯೋಜನ ಕಡಿಮೆ. ಟ್ರೆಡ್‌ಮಿಲ್ ಪರೀಕ್ಷೆ ದೊಡ್ಡ ಅಡಚಣೆಗಳನ್ನು ಹಿಡಿಯುತ್ತದೆ. ಆದರೆ ಅನೇಕ ಹೃದಯಾಘಾತಗಳು ಅಷ್ಟು ದೊಡ್ಡದಲ್ಲದ ಕೊಬ್ಬಿನ ಪದರ ಬಿರಿದು ಅದರ ಮೇಲೆ ರಕ್ತ ಹೆಪ್ಪುಗಟ್ಟುವುದರಿಂದ ಆಗುತ್ತವೆ. ಆದ್ದರಿಂದ ‘ಹೋದ ತಿಂಗಳು ಟಿಎಂಟಿ ನಾರ್ಮಲ್ ಬಂದಿತ್ತು’ ಎಂಬ ಧೈರ್ಯದ ಮೇಲೆ ಇಂದಿನ ಎದೆಯ ಬಿಗಿತವನ್ನು ಅಲಕ್ಷಿಸಬಾರದು. ಸಾಲಿನಲ್ಲಿ ನಿಂತವರ ಜೇಬಿನಲ್ಲಿದ್ದ ಸಿಗರೇಟು ಮತ್ತು ಗುಟ್ಕಾ ಪ್ಯಾಕೆಟ್ಟುಗಳನ್ನು ಬಿಸಾಡಿಸಿದ್ದರೆ ಪರೀಕ್ಷೆಗಿಂತ ಹೆಚ್ಚಿನ ಲಾಭವಾಗುತ್ತಿತ್ತೇನೋ.

ಲಕ್ಷಣ ಕಂಡಾಗ

ಬಿಗಿತ ಹದಿನೈದು ನಿಮಿಷ ಮೀರಿದರೆ, ಅಥವಾ ಅದರೊಂದಿಗೆ ತಣ್ಣನೆಯ ಬೆವರು, ವಾಂತಿ, ಉಸಿರಿನ ಕಷ್ಟ, ತಲೆಸುತ್ತು ಇದ್ದರೆ ಎಷ್ಟು ನಿಮಿಷವೆಂದು ಎಣಿಸದೆ, 108ಕ್ಕೆ ಕರೆ ಮಾಡಬೇಕು. ರಾಜ್ಯದಲ್ಲಿ 2008ರಿಂದ ಆರೋಗ್ಯ ಕವಚ ಹೆಸರಿನಲ್ಲಿ ಈ ಆಂಬುಲೆನ್ಸ್ ಸೇವೆ ಇದೆ. ಅದು ಬರುವುದು ತಡವಾಗುವುದಾದರೆ ಬೇರೆಯವರು ಓಡಿಸುವ ವಾಹನದಲ್ಲಿ ಹೊರಡಬೇಕು. ರೋಗಿ ತಾನೇ ಬೈಕ್ ಅಥವಾ ಕಾರು ಓಡಿಸಿಕೊಂಡು ಹೋಗಕೂಡದು. ದಾರಿಯಲ್ಲಿ ಬಡಿತದ ಲಯ ಕೆಟ್ಟು ಪ್ರಜ್ಞೆ ತಪ್ಪಿದರೆ ಅನಾಹುತ ಎರಡಾಗುತ್ತದೆ. ಮಹಡಿ ಇಳಿದು ನಡೆಯುವ ಶ್ರಮವನ್ನೂ ತಪ್ಪಿಸಿ, ಕುರ್ಚಿಯಲ್ಲಿ ಕೂರಿಸಿ ಇಳಿಸುವುದು ಒಳ್ಳೆಯದು.

ಕರೆಗೆ ಉತ್ತರಿಸಿದ ಸಿಬ್ಬಂದಿ ಅಥವಾ ವೈದ್ಯರು ಹೇಳಿದರೆ 300ರಿಂದ 325 ಮಿಲಿಗ್ರಾಂ ಆಸ್ಪಿರಿನ್ ಅನ್ನು ಅಗಿದು ನುಂಗಬಹುದು. ಅಲರ್ಜಿ ಇರುವವರು, ಇತ್ತೀಚೆಗೆ ಹೊಟ್ಟೆಯಲ್ಲಿ ರಕ್ತಸ್ರಾವವಾದವರು, ಮುಖ ಅಥವಾ ಕೈಕಾಲು ಸ್ವಾಧೀನ ತಪ್ಪಿದವರು, ಬೆನ್ನು ಸೀಳಿದಂತೆ ನೋವಿರುವವರು ಇದನ್ನು ತೆಗೆದುಕೊಳ್ಳಬಾರದು. ಪಕ್ಕದ ಮನೆಯವರ ಸಾರ್ಬಿಟ್ರೇಟ್ ಮಾತ್ರೆಯನ್ನು ಎರವಲು ತಂದು ನಾಲಿಗೆಯಡಿ ಇಡುವ ಪದ್ಧತಿ ಅಪಾಯಕಾರಿ. ರಕ್ತದೊತ್ತಡ ಈಗಾಗಲೇ ಇಳಿದಿದ್ದರೆ, ಅಥವಾ ಇತ್ತೀಚೆಗೆ ವಯಾಗ್ರದಂತಹ ಮಾತ್ರೆ ಸೇವಿಸಿದ್ದರೆ ಅದು ಪ್ರಾಣಕ್ಕೆ ಎರವಾಗಬಹುದು. ಒಂಟಿಯಾಗಿದ್ದಾಗ ಜೋರಾಗಿ ಕೆಮ್ಮುತ್ತಿದ್ದರೆ ಹೃದಯಾಘಾತದಿಂದ ಪಾರಾಗಬಹುದೆಂದು ಹಿಂದೆ ಇ-ಮೇಲ್‌ಗಳಲ್ಲಿ ಹರಿದಾಡಿ ಈಗ ವಾಟ್ಸಾಪ್‌ನಲ್ಲಿ ಸುತ್ತುತ್ತಿರುವ ಸಲಹೆಗೆ ಆಧಾರವಿಲ್ಲ. ಕೆಮ್ಮುತ್ತಾ ಕಳೆದ ಹೊತ್ತೂ ವ್ಯರ್ಥವೇ.

ಎಲ್ಲಿಗೆ ಹೋಗಬೇಕು ಎಂಬುದು ನಮ್ಮ ಹಳ್ಳಿಗಳ ಮಟ್ಟಿಗೆ ನಿಜವಾದ ಪ್ರಶ್ನೆ. ಆಂಜಿಯೋಪ್ಲಾಸ್ಟಿ ಸೌಲಭ್ಯ ಎರಡು ಗಂಟೆಯೊಳಗೆ ದೊರೆಯುವುದಾದರೆ ಅದೇ ಶ್ರೇಷ್ಠ. ಉತ್ತರ ಕನ್ನಡದಂತಹ ಜಿಲ್ಲೆಯ ಜನರಿಗೆ ಈ ಎರಡು ಗಂಟೆ ಎಷ್ಟು ದುಬಾರಿಯೆಂಬುದನ್ನು, 2022ರಲ್ಲಿ ಅಲ್ಲಿ ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆಗಾಗಿ ನಡೆದ ಆಂದೋಲನವೇ ಹೇಳಿತು. ಅಂಥ ಕಡೆ ದೂರದ ದೊಡ್ಡ ಆಸ್ಪತ್ರೆಯ ಹೆಸರು ನೆನೆದು ಸಮೀಪದ ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಹೋಗುವುದು ವಿವೇಕವಲ್ಲ. 2021ರ ಅಕ್ಟೋಬರ್ 29ರಂದು ತಮ್ಮ 46ನೇ ವಯಸ್ಸಿನಲ್ಲಿ ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ರೂಪಿಸಿದ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ಇದು. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವದಂತಹ ಕೇಂದ್ರಗಳ ತಜ್ಞರಿಗೆ ರವಾನಿಸಿ, ಅವರ ಸಲಹೆಯಂತೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಅಲ್ಲಿಯೇ ನೀಡುವುದು ಯೋಜನೆಯ ತಿರುಳು. ಹತ್ತಾರು ಸಾವಿರ ರೂಪಾಯಿ ಬೆಲೆಯ ಈ ಔಷಧಿ ಮೊದಲ ಎರಡು ಮೂರು ಗಂಟೆಗಳಲ್ಲಿ ಮಾಡುವಷ್ಟು ಕೆಲಸವನ್ನು ನಂತರ ಮಾಡಲಾರದು. 12 ಗಂಟೆ ಕಳೆದ ಮೇಲೆ ಅದರ ಉಪಯೋಗ ಬಹುತೇಕ ಇಲ್ಲ. ಚುಚ್ಚುಮದ್ದು ಪಡೆದ ಮೇಲೆ ದೊಡ್ಡ ಆಸ್ಪತ್ರೆಯ ಪ್ರಯಾಣ ಇದ್ದೇ ಇದೆ. ತಮ್ಮ ತಾಲ್ಲೂಕಿನ ಆಸ್ಪತ್ರೆ ಈ ಜಾಲದಲ್ಲಿದೆಯೇ ಎಂಬುದನ್ನು ಪ್ರತಿಯೊಂದು ಕುಟುಂಬವೂ ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಬೇಕು.

ಆಸ್ಪತ್ರೆ ತಲುಪಿದ 10 ನಿಮಿಷಗಳಲ್ಲಿ ಇಸಿಜಿ ಆಗಬೇಕೆಂಬುದು ನಿಯಮ. ಅದನ್ನು ಕೇಳಿ ಪಡೆಯುವುದು ದುರಹಂಕಾರವಲ್ಲ. ಹೇಳುವಾಗ ‘ಗ್ಯಾಸ್ ಆಗಿದೆ’ ಎನ್ನದೆ, ಎಷ್ಟು ಗಂಟೆಗೆ ಏನು ಶುರುವಾಯಿತು ಎಂಬುದನ್ನಷ್ಟೇ ಹೇಳಬೇಕು. ಮೊದಲ ಇಸಿಜಿ ಸರಿಯಾಗಿ ಕಂಡರೂ ಬಿಗಿತ ಮುಂದುವರಿದಿದ್ದರೆ ಮತ್ತೆ ತೆಗೆಯಬೇಕಾಗುತ್ತದೆ, ಏಕೆಂದರೆ ಆರಂಭದಲ್ಲಿ ಅದು ಏನನ್ನೂ ತೋರಿಸದಿರಬಹುದು. ಹೃದಯ ಸ್ನಾಯುವಿನ ಹಾನಿಯನ್ನು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನೂ ಕೆಲವು ಗಂಟೆಗಳ ಅಂತರದಲ್ಲಿ ಎರಡು ಬಾರಿ ಮಾಡುವುದು ಇದೇ ಕಾರಣಕ್ಕೆ.

ರೋಗಿ ಕುಸಿದು ಬಿದ್ದು, ಕರೆದರೆ ಓಗೊಡದೆ, ಉಸಿರಾಟ ನಿಂತಿದ್ದರೆ ಅಥವಾ ಬರೀ ಬಾಯಿ ತೆರೆದು ಏದುತ್ತಿದ್ದರೆ ನಾಡಿ ಹುಡುಕುತ್ತಾ ಕೂರಬಾರದು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ಮಧ್ಯದಲ್ಲಿ ಒಂದರ ಮೇಲೊಂದು ಅಂಗೈ ಇಟ್ಟು, ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲದಂತೆ ಒತ್ತುತ್ತಿರಬೇಕು. ಬಾಯಿಗೆ ನೀರು ಹಾಕಬಾರದು. ಒತ್ತುವವರು ದಣಿದರೆ ಎರಡು ನಿಮಿಷಕ್ಕೊಮ್ಮೆ ಬೇರೊಬ್ಬರು ವಹಿಸಿಕೊಂಡು, ಆಂಬುಲೆನ್ಸ್ ಸಿಬ್ಬಂದಿ ಬಂದು ನಿಲ್ಲಿಸೆನ್ನುವ ತನಕ ಮುಂದುವರಿಸಬೇಕು.

ಕೊನೆಯದಾಗಿ ಒಂದು ಸಣ್ಣ ವಿಷಯ. ಹಿಂದೆಂದಾದರೂ ತೆಗೆಸಿದ ಇಸಿಜಿಯ ಕಾಗದ ಕೆಲವು ವರ್ಷಗಳಲ್ಲಿ ಮಸುಕಾಗಿ ಅಳಿಸಿಹೋಗುತ್ತದೆ. ಅದರ ಫೋಟೋ ತೆಗೆದು, ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಯ ಜೊತೆಗೆ ಮನೆಯ ಇಬ್ಬರ ಮೊಬೈಲ್‌ಗಳಲ್ಲಾದರೂ ಇರಿಸಬೇಕು. ಹೊಸ ಇಸಿಜಿಯಲ್ಲಿ ಕಾಣುವ ಬದಲಾವಣೆ ಈಗಿನದೋ ಹಳೆಯದೋ ಎಂದು ರಾತ್ರಿ ಎರಡು ಗಂಟೆಗೆ ಕರ್ತವ್ಯದಲ್ಲಿರುವ ವೈದ್ಯರಿಗೆ ತಿಳಿಯಲು ಆ ಒಂದು ಚಿತ್ರ ಬಹಳ ನೆರವಾಗುತ್ತದೆ.